ಅಣ್ಣ 37 ಉಳಿಸುತ್ತಾನೆ, ನಾವು ಬರೀ 6

ನನ್ನ ಬಳಿ ಸಲಹೆಗೆ ಬಂದವರು, ಇಬ್ಬರೂ ದುಡಿಯುವ ದಂಪತಿ. ವಯಸ್ಸು ಮೂವತ್ತೈದರ ಆಸುಪಾಸು, ಒಬ್ಬಳು ಮಗಳು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಜಗಳ ದುಡ್ಡಿನದು. ಆದರೆ ಕೈಸಾಲ, ಕುಡಿತ, ಕದ್ದುಮುಚ್ಚಿ ಮಾಡಿದ ಖರ್ಚು ಯಾವುದೂ ಇಲ್ಲ. ಪತಿ ಫೋನಿನಲ್ಲಿ ಒಂದು ಪಟ್ಟಿ ಇಟ್ಟುಕೊಂಡಿದ್ದರು. ಯಾವ ದೇಶದವರು ಆದಾಯದಲ್ಲಿ ಶೇಕಡಾ ಎಷ್ಟು ಉಳಿಸುತ್ತಾರೆ ಅಂತ. ಚೀನಾ 30ಕ್ಕಿಂತ ಜಾಸ್ತಿ. ಸಿಂಗಪುರದಲ್ಲಿ ನೆಲೆಸಿರುವ ಅವರ ಅಣ್ಣ 37. ಕೊನೆಯ ಸಾಲಿನಲ್ಲಿ ‘ನಾವು: 6’. ಪ್ರತಿ ತಿಂಗಳ ಕೊನೆಗೆ ಆ ಸಾಲು ಪತ್ನಿಯ ಮುಂದೆ ಬರುತ್ತಿತ್ತು.

‘ಚೀನಾದವರು ಉಳಿಸ್ತಾರಂತೆ, ಭಾವ ಉಳಿಸ್ತಾರಂತೆ. ನಾನೊಬ್ಬಳೇ ದುಂದು ಮಾಡೋಳು ಮೇಡಂ’ ಅಂದರು ಆಕೆ. ಆಕೆಯ ವಾದಕ್ಕೂ ಒಂದು ದೇಶವಿತ್ತು. ನೆದರ್ಲೆಂಡ್ಸ್‌ನಲ್ಲಿರುವ ಗೆಳತಿ ಬ್ಯಾಂಕಿನಲ್ಲಿ ಹೆಚ್ಚೇನೂ ಇಟ್ಟಿಲ್ಲ, ಆದರೂ ನೆಮ್ಮದಿಯಾಗಿದ್ದಾಳೆ. ಮತ್ತೆ ನಮಗ್ಯಾಕೆ ಈ ಗೋಳು?

ನಾನು ಕೊಟ್ಟ ಹಾಳೆಯನ್ನು ಆಕೆ ಬೆಳಕಿನ ಕಡೆ ಓರೆ ಹಿಡಿದು ಓದುತ್ತಿದ್ದರು. ಕನ್ನಡಕದ ಗ್ಲಾಸಿನ ತುಂಬ ಗೀರು. ‘ಬದಲಾಯಿಸಿಲ್ವಾ?’ ಎಂದು ಕೇಳಿದೆ. ‘ಮುಂದಿನ ತಿಂಗಳು ನೋಡೋಣ ಅಂತ. ಈ ತಿಂಗಳ ಲೆಕ್ಕ ಆಗಲೇ ಕೆಟ್ಟಿದೆ.’ ಪತಿ ಥಟ್ಟನೆ ತಿರುಗಿ ನೋಡಿದರು. ಅವರಿಗದು ಗೊತ್ತೇ ಇರಲಿಲ್ಲ. ಲೆಕ್ಕಕ್ಕೆ ಹೆದರಿ ಮನೆಯವರು ಕಣ್ಣಿಗೆ ಬೇಕಾದ್ದನ್ನೂ ಮುಂದೂಡುವ ಹಾಗಾದರೆ ಅದನ್ನು ಉಳಿತಾಯ ಅಂತ ನಾನು ಒಪ್ಪುವುದಿಲ್ಲ. ಅಷ್ಟೇ ನೇರವಾಗಿ ಹೇಳಿದೆ.

ಆಮೇಲೆ ಪಟ್ಟಿಗೆ ಬಂದೆವು. ಪತಿ ಅಂಕಿಗಳನ್ನು ನಂಬುವವರು, ಅಂಕಿಯಿಂದಲೇ ಉತ್ತರ ಸಿಗಬೇಕಿತ್ತು.

ಮೊದಲು ಅಣ್ಣನ 37. ಸಿಂಗಪುರದಲ್ಲಿ ಸಿಪಿಎಫ್ ಎಂಬ ಭವಿಷ್ಯ ನಿಧಿ 1955ರಿಂದ ಇದೆ. ಅಲ್ಲಿನ ಪೌರರು ಮತ್ತು ಕಾಯಂ ನಿವಾಸಿಗಳಿಗೆ ಅದು ಕಡ್ಡಾಯ. 55 ವರ್ಷದವರೆಗೆ, ಸಾಮಾನ್ಯವಾಗಿ, ಸಂಬಳದಿಂದ ಶೇ. 20 ಹೋಗುತ್ತದೆ, ಕೆಲಸ ಕೊಟ್ಟವರು 17 ಸೇರಿಸುತ್ತಾರೆ. ಮನೆಯ ಕಂತು, ಆಸ್ಪತ್ರೆ, ಮುಪ್ಪು ಮೂರಕ್ಕೂ ಅದೇ ನಿಧಿ. ಅಂದರೆ ಅಣ್ಣ ಮನಸ್ಸು ಬಿಗಿಹಿಡಿದು ಎತ್ತಿಟ್ಟ ಹಣ ಅಲ್ಲ ಅದು, ಕೈಗೆ ಬರುವ ಮೊದಲೇ ಹೋದದ್ದು.

ಗೆಳತಿಯ ನೆಮ್ಮದಿಗೂ ಕಾರಣವಿದೆ. ನೆದರ್ಲೆಂಡ್ಸ್‌ನಲ್ಲಿ ವಾಸವಿದ್ದ ಒಂದೊಂದು ವರ್ಷಕ್ಕೂ ಸರ್ಕಾರಿ ಪಿಂಚಣಿಯ ಶೇ. 2 ಸೇರುತ್ತಾ ಹೋಗುತ್ತದೆ. 50 ವರ್ಷವಾದರೆ ಪೂರ್ತಿ. ಹೆಚ್ಚಿನ ನೌಕರರಿಗೆ ಕೆಲಸದ ಕಡೆಯಿಂದ ಇನ್ನೊಂದು ಪಿಂಚಣಿ ಇರುತ್ತದೆ. ಕೆಲಸ ಹೋದರೆ ಅರ್ಹರಿಗೆ ಮೊದಲ ಎರಡು ತಿಂಗಳು ಸಂಬಳದ ಶೇ. 75, ಆಮೇಲೆ 70, ಒಂದು ಮಿತಿಯೊಳಗೆ. ಇಷ್ಟೆಲ್ಲ ಬೆನ್ನಿಗಿದ್ದಾಗ ಬ್ಯಾಂಕಿನಲ್ಲಿ ಕಡಿಮೆ ಇದ್ದರೂ ನಿದ್ದೆ ಬರುತ್ತದೆ. ಚೀನಾದಲ್ಲಿ ಕಾಯಿಲೆ, ಮಕ್ಕಳ ಓದು, ಮನೆ, ಮುಪ್ಪು ಎಲ್ಲದಕ್ಕೂ ಮನೆಯವರೇ ಕೂಡಿಡಬೇಕೆಂಬ ಆತಂಕ ಹೆಚ್ಚು. ಆ 30ರ ಹಿಂದೆ ಭಯವೂ ಇದೆ.

ಕಾಲ ಬದಲಾದರೆ ಅಂಕಿಯೂ ಬದಲಾಗುತ್ತದೆ. 1970ರ ದಶಕದ ನಡುವಿನಲ್ಲಿ ಜಪಾನಿನವರು ಆದಾಯದಲ್ಲಿ ಶೇ. 20ಕ್ಕೂ ಹೆಚ್ಚು ಉಳಿಸುತ್ತಿದ್ದರು. 2010ರ ದಶಕದ ಹೊತ್ತಿಗೆ ಅದು ಸೊನ್ನೆಯ ಹತ್ತಿರ ಬಂತು. ಜನ ದುಂದುಗಾರರಾದರು ಅಂತಲ್ಲ, ದುಡಿದು ಕೂಡಿಟ್ಟವರು ವಯಸ್ಸಾಗಿ ಅದನ್ನು ಬಳಸತೊಡಗಿದ್ದು ದೊಡ್ಡ ಕಾರಣ. ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ಈ ದರ ಶೇ. 30 ದಾಟಿತ್ತು. ಅಂಗಡಿಗಳು ಮುಚ್ಚಿದ್ದವು, ಸರ್ಕಾರದ ಪರಿಹಾರದ ಹಣ ಕೈಗೆ ಬಂದಿತ್ತು, ಅಷ್ಟೇ. ಇಂಥ ಅಂಕಿ ಹಿಡಿದು ಹೆಂಡತಿಯ ಗುಣ ಅಳೆಯೋದು ಹೇಗೆ, ಹೇಳಿ?

ಇನ್ನು ಅವರದೇ 6. ಪತಿ ಎಣಿಸಿದ್ದು ತಿಂಗಳ ಕೊನೆಗೆ ಖಾತೆಯಲ್ಲಿ ಉಳಿದದ್ದನ್ನು ಮಾತ್ರ. ದೇಶಗಳ ಲೆಕ್ಕದಲ್ಲಿ ನಿವೃತ್ತಿ ನಿಧಿಗೆ ಹೋದದ್ದೂ ಉಳಿತಾಯ, ಮನೆ ಸಾಲದ ಅಸಲು ತೀರಿಸಿದ್ದೂ ಉಳಿತಾಯ. ಬಡ್ಡಿ ಮಾತ್ರ ಅಲ್ಲ. ಕಡಿತಕ್ಕೆ ಮುಂಚಿನ ಆದಾಯವನ್ನು 100 ಎಂದಿಟ್ಟು ಮೂವರೂ ಕೂತು ಮತ್ತೆ ಲೆಕ್ಕ ಹಾಕಿದೆವು. ನಿಧಿಗೆ 10, ಅಸಲಿಗೆ 9, ಖಾತೆಯಲ್ಲಿ 6. ಒಟ್ಟು 25.

ಪತ್ನಿಯ ಮುಖ ಅರಳಿತು. ‘ನೋಡಿ, ನಾನು ಹೇಳಿರಲಿಲ್ವಾ?’ ಅಂದರು. ಅಲ್ಲಿಗೇ ಮಾತು ನಿಲ್ಲಿಸಿದ್ದರೆ ಗಂಡನಿಗೆ ಅನ್ಯಾಯವಾಗುತ್ತಿತ್ತು. ಆ 25ರಲ್ಲಿ 19 ನಾಳೆ ಬೆಳಿಗ್ಗೆ ಬೇಕೆಂದರೆ ಸಿಗುವ ಹಣವಲ್ಲ. ಕೈಗೆ ಸಿಗುವಂಥದ್ದು ಒಟ್ಟು ಆರು ವಾರದ ಖರ್ಚಿನಷ್ಟಿತ್ತು. ಕೆಲಸ ಹೋದರೆ ಇವರಿಗೆ ಸಂಬಳದ ಮುಕ್ಕಾಲು ಪಾಲು ಕೊಡುವವರು ಯಾರೂ ಇಲ್ಲ. ಪತಿಯ ಕಚೇರಿಯಲ್ಲಿ ಆಗಲೇ ಕೆಲವರನ್ನು ಮನೆಗೆ ಕಳಿಸಿದ್ದರು. ಅದನ್ನು ಅವರು ಬಾಯಿಬಿಟ್ಟದ್ದು ಆಗಲೇ, ಮನೆಯಲ್ಲಿ ಹೇಳಿರಲೇ ಇಲ್ಲ. ಕೆಲಸದ ಭಯವನ್ನು ಭಯ ಅಂತ ಹೇಳಲಾಗದೆ ಪಟ್ಟಿ ತೋರಿಸುತ್ತಿದ್ದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನ ಮೊದಲೇ ಹೇಳಬಾರದಿತ್ತಾ?’ ಅಂದರು.

ಹಾಗಾಗಿ ನನ್ನ ಸಲಹೆ ಎರಡೂ ಕಡೆಗಿತ್ತು. ಪಟ್ಟಿ ಅಳಿಸಿ, ಹೋಲಿಕೆಯ ಮಾತು ಮನೆಯಲ್ಲಿ ಬೇಡ. ಅದರ ಬದಲು ಒಂದೇ ಗುರಿ ಇರಲಿ: ನಾಲ್ಕು ತಿಂಗಳ ಖರ್ಚಿನಷ್ಟು ಹಣ, ಇಬ್ಬರ ಹೆಸರಿನ ಖಾತೆಯಲ್ಲಿ. ಸಂಬಳ ಬಂದ ದಿನವೇ ಅದಕ್ಕೆ ತಾನಾಗಿ ಹೋಗುವ ಹಾಗೆ ಮಾಡಿ. ಈಗಿನ ಖರ್ಚನ್ನು ಹಿಂಡುವುದು ಬೇಡ, ಸಂಬಳ ಹೆಚ್ಚಾದಾಗ ಆ ಹೆಚ್ಚಳದ ಒಂದು ಭಾಗ ಅಲ್ಲಿಗೆ ಸೇರಲಿ. ಈ ಉಪಾಯವನ್ನು ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಅಮೆರಿಕದ ಒಂದು ಕಂಪನಿಯಲ್ಲಿ ಮಾಡಿ ನೋಡಿ 2004ರಲ್ಲಿ ವರದಿ ಮಾಡಿದರು. ಒಪ್ಪಿಕೊಂಡ ನೌಕರರ ಉಳಿತಾಯ 40 ತಿಂಗಳಲ್ಲಿ ಶೇ. 3.5ರಿಂದ 13.6ಕ್ಕೆ ಏರಿತ್ತು. ಜೊತೆಗೆ ಇಬ್ಬರಿಗೂ ಪ್ರತಿ ತಿಂಗಳು ಒಂದಿಷ್ಟು ಹಣ, ಯಾರೂ ಲೆಕ್ಕ ಕೇಳದ್ದು. ಕಣ್ಣು, ಹಲ್ಲು, ಔಷಧಿ ಆ ಹಣದಿಂದಲ್ಲ, ಮನೆಖರ್ಚಿನಿಂದಲೇ.

ಪತಿಗೆ ಇನ್ನೊಂದು ಕೆಲಸ ಕೊಟ್ಟೆ. ಅಣ್ಣನಿಗೆ ಫೋನ್ ಮಾಡಿ, ಎಷ್ಟು ಉಳಿಸ್ತೀಯ ಅಂತಲ್ಲ, ಮನೆ ಕಂತು ಎಲ್ಲಿಂದ ಕಟ್ತೀಯ, ಕೈಯಲ್ಲಿ ಎಷ್ಟಿರುತ್ತೆ ಅಂತ ಕೇಳಿ ಎಂದೆ. ಕಂತು ಸಿಪಿಎಫ್‌ನಿಂದಲೇ ಹೋಗುತ್ತದಂತೆ. ಕೈಯಲ್ಲಿರುವುದು ಇವರಿಗಿಂತ ಅಂಥ ಹೆಚ್ಚೇನಲ್ಲವಂತೆ.

ಮುಂದಿನ ಭೇಟಿಗೆ ಆಕೆ ಹೊಸ ಕನ್ನಡಕದಲ್ಲಿ ಬಂದರು. ಜಂಟಿ ಖಾತೆಯೂ ಶುರುವಾಗಿತ್ತು. ಕೈಯಲ್ಲಿ ಹಣ ಸೇರಿದಾಗ ಮನೆ ಸಾಲ ಬೇಗ ತೀರಿಸಬೇಕೋ ಬೇಡವೋ ಎಂಬ ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ. ನಾಲ್ಕು ತಿಂಗಳ ಹಣ ಸೇರುವ ತನಕ ಆ ಮಾತು ಎತ್ತಬೇಡಿ ಎಂದಿದ್ದೇನೆ.