ಒಂದೇ ಬಿರಾಫ್, ಆದರೆ ಕರುಳಿನಲ್ಲಿ ಮಾತ್ರೆ ಯಾಕೆ ಸಾಲದು?

ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ಗೆ ಕೆಲಸ ಮಾಡುವ ವೆಮುರಾಫೆನಿಬ್ ಮಾತ್ರೆ ನಿಮ್ಮ ಅಣ್ಣನ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಯಾಕೆ ಸಾಲದು ಅಂತ ಕೇಳಿದ್ದೀರಿ. ಎರಡರಲ್ಲೂ ಇರುವುದು ಬಿರಾಫ್‌ನ ಅದೇ ವಿ600ಇ ಬದಲಾವಣೆ, ಅಲ್ವಾ?

ಬಿರಾಫ್ ಅನ್ನುವುದು ಜೀವಕೋಶಕ್ಕೆ ‘ಬೆಳೆ’ ಅಂತ ಸುದ್ದಿ ಮುಟ್ಟಿಸುವ ಕೈನೇಸ್, ಅಂದರೆ ಒಂದು ಬಗೆಯ ಪ್ರೋಟೀನ್. ಅದರ 600ನೇ ಜಾಗದಲ್ಲಿ ವ್ಯಾಲೀನ್ ಅನ್ನುವ ಅಮೈನೋ ಆಮ್ಲದ ಬದಲು ಗ್ಲುಟಾಮಿಕ್ ಆಮ್ಲ ಬಂದರೆ (ಇದೇ ವಿ600ಇ), ಮೇಲಿಂದ ಯಾರೂ ಹೇಳದಿದ್ದರೂ ಸುದ್ದಿ ಹೋಗುತ್ತಲೇ ಇರುತ್ತದೆ. ಮಾತ್ರೆ ಅದನ್ನು ತಡೆಯುತ್ತದೆ. ಆದರೆ ಕರುಳಿನ ಕೋಶಗಳಲ್ಲಿ ಇಜಿಎಫ್‌ಆರ್, ಅಂದರೆ ಬೆಳೆಯುವ ಸುದ್ದಿಯನ್ನು ಹೊರಗಿಂದ ಪಡೆಯುವ ಪ್ರೋಟೀನ್, ಜಾಸ್ತಿ. ಬಿರಾಫ್ ಸುಮ್ಮನಾದ ಕೂಡಲೇ ಅದು ಚುರುಕಾಗಿ ಬೇರೆ ದಾರಿಯಿಂದ ಅದೇ ಸುದ್ದಿ ಕಳಿಸುತ್ತದೆ. ಮೆಲನೋಮಾದಲ್ಲಿ ಸಾಮಾನ್ಯವಾಗಿ ಇಜಿಎಫ್‌ಆರ್ ತೀರಾ ಕಡಿಮೆ. ಇದು 2012ರಲ್ಲಿ ಗೊತ್ತಾಯಿತು.

ಹಾಗಾಗಿ ಎರಡೂ ದಾರಿ ಮುಚ್ಚಬೇಕು. ಬಿರಾಫ್ ತಡೆಯಲು ಎನ್ಕೊರಾಫೆನಿಬ್ ಮಾತ್ರೆ, ಜೊತೆಗೆ ಇಜಿಎಫ್‌ಆರ್ ತಡೆಯಲು ಸೆಟುಕ್ಸಿಮ್ಯಾಬ್ ಡ್ರಿಪ್. ಅಮೆರಿಕದಲ್ಲಿ 2020ರಲ್ಲಿ ಈ ಜೋಡಿಗೆ ಒಪ್ಪಿಗೆ ಸಿಕ್ಕಿತು. ಇದರ ಬಗ್ಗೆ ಅಣ್ಣನ ಡಾಕ್ಟರನ್ನು ಖಂಡಿತ ಕೇಳಿ.