ಅಗಸೆ ನುಂಗಿದರೂ ಹೋಗದ ಪಾದದ ಜೋಮು

ಸಲಹೆಗೆಂದು ನಮ್ಮಲ್ಲಿಗೆ ಬಂದವರು ಐವತ್ತು ದಾಟಿದ ಮಹಿಳೆ, ಸಸ್ಯಾಹಾರಿ. ಮಧುಮೇಹಕ್ಕೆ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಎರಡೂ ಪಾದಗಳಲ್ಲಿ ಜೋಮು, ರಾತ್ರಿ ಉರಿ, ಜೊತೆಗೆ ಮರೆವು. ನರಕ್ಕೆ ಒಮೆಗಾ-3 ಎಂಬ ಕೊಬ್ಬಿನಾಮ್ಲ ಒಳ್ಳೆಯದೆಂದು ಕೇಳಿ ದಿನಾ ಎರಡು ಚಮಚ ಅಗಸೆ ಬೀಜವನ್ನು ಇಡಿಯಾಗಿ ನೀರಿನೊಂದಿಗೆ ನುಂಗುತ್ತಿದ್ದರು. "ಇಷ್ಟು ತಿಂಗಳಾದ್ರೂ ಏನೂ ಗುಣ ಕಾಣ್ತಿಲ್ವಲ್ಲ" ಎಂಬುದು ಅವರ ಅಳಲು.

ಇಡೀ ಬೀಜದ ಸಿಪ್ಪೆ ಗಟ್ಟಿ. ಬಹುಪಾಲು ಹಾಗೇ ಹೊರಬೀಳುತ್ತದೆ. ಆದರೆ ಪುಡಿ ಮಾಡಿ ತಿಂದಿದ್ದರೂ ಈ ಜೋಮು ಹೋಗುತ್ತಿರಲಿಲ್ಲ. ಹೊಟ್ಟೆತುಂಬ ಊಟ ಮಾಡುವ ವಯಸ್ಕರಲ್ಲಿ ಅಗತ್ಯ ಕೊಬ್ಬಿನಾಮ್ಲಗಳ ತೀವ್ರ ಕೊರತೆ ಅಪರೂಪ, ಬಂದರೂ ಮೊದಲು ಕಾಣುವುದು ಒಣಗಿ ಹೊಟ್ಟೇಳುವ ಚರ್ಮದಲ್ಲಿ. ಇವರ ಚರ್ಮ ಚೆನ್ನಾಗಿತ್ತು. ಸಸ್ಯಾಹಾರ, ಮೆಟ್‌ಫಾರ್ಮಿನ್, ಜೋಮು ಮೂರೂ ಒಟ್ಟಿಗಿದ್ದರೆ ಮೊದಲ ಅನುಮಾನ ವಿಟಮಿನ್ ಬಿ12 ಕೊರತೆಯ ಮೇಲೆ. ನರದ ಮೇಲಿನ ಕೊಬ್ಬಿನ ಹೊದಿಕೆಯಾದ ಮಯಲಿನ್ ಉಳಿಯಲು ಬಿ12 ಬೇಕೇಬೇಕು. ಮೆಟ್‌ಫಾರ್ಮಿನ್ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆ ಬಂತು, ವೈದ್ಯರು ಚುಚ್ಚುಮದ್ದು ಶುರುಮಾಡಿದರು. ಬಿ12 ಇಲ್ಲದೆ ಬರೀ ಫೋಲಿಕ್ ಆಮ್ಲದ ಮಾತ್ರೆ ಬೇಡವೆಂದು ಒತ್ತಿ ಹೇಳಿದೆವು: ಬಿ12 ಕೊರತೆಯ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರ ಮಾತ್ರ ಒಳಗೊಳಗೇ ಹಾಳಾಗುತ್ತಿರುತ್ತದೆ. ಸಕ್ಕರೆಯಿಂದಲೂ ನರ ಕೆಡುವುದರಿಂದ ಅದರ ಹತೋಟಿಯೂ ಜೊತೆಗೇ ಸಾಗಬೇಕು.

ಹಾಗೆಂದು ಅಗಸೆ ಬಿಡಬೇಕಿಲ್ಲ. ಒಂದು ದೊಡ್ಡ ಚಮಚ ಪುಡಿಯಲ್ಲಿ (ಸುಮಾರು 7 ಗ್ರಾಂ) 1.6 ಗ್ರಾಂನಷ್ಟು ಆಲ್ಫಾ-ಲಿನೋಲೆನಿಕ್ ಆಮ್ಲ, ಅಂದರೆ ಸಸ್ಯಗಳ ಒಮೆಗಾ-3 ಇದೆ. ಮಹಿಳೆಯರಿಗೆ ದಿನಕ್ಕೆ ಬೇಕಾದದ್ದು 1.1 ಗ್ರಾಂ. ವಾರಕ್ಕಾಗುವಷ್ಟೇ ಪುಡಿಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು, ಒಲೆಯಿಂದ ಇಳಿಸಿದ ಅಡುಗೆಗೆ ಉದುರಿಸಿಕೊಳ್ಳಲು ತಿಳಿಸಿದೆವು. ಅಗಸೆ ಎಣ್ಣೆಯಲ್ಲಿ ಕರಿಯುವುದು ಸಲ್ಲ, ಕಾಯಿಸಿದರೆ ಬೇಗ ಕೆಡುತ್ತದೆ.

ಮಿದುಳು ಮತ್ತು ಕಣ್ಣಿನ ಅಕ್ಷಿಪಟಲ ಕಟ್ಟಿಕೊಳ್ಳುವುದು ಡಿಎಚ್‌ಎ ಎಂಬ ಇನ್ನೊಂದು ಒಮೆಗಾ-3 ಕೊಬ್ಬಿನಾಮ್ಲವನ್ನು. ಅಗಸೆಯ ಕೊಬ್ಬಿನಲ್ಲಿ ತೀರಾ ಅಲ್ಪ ಭಾಗವಷ್ಟೇ ದೇಹದಲ್ಲಿ ಡಿಎಚ್‌ಎ ಆಗುತ್ತದೆ. ಮೀನು ತಿನ್ನದವರಿಗೆ ಪಾಚಿಯಿಂದ ತೆಗೆದ ಕ್ಯಾಪ್ಸೂಲ್ ಇದೆ. ದಿನಕ್ಕೆ 250 ಮಿಲಿಗ್ರಾಂ ಡಿಎಚ್‌ಎ ಸಾಕು. ಡಬ್ಬಿಯ ಚೀಟಿಯಲ್ಲಿ ಎಣ್ಣೆಯ ಒಟ್ಟು ತೂಕ ನೋಡಿ ಮೋಸಹೋಗಬಾರದು, ಡಿಎಚ್‌ಎ ಎಷ್ಟೆಂದು ಬೇರೆಯಾಗಿ ಬರೆದಿರುತ್ತದೆ. ಒಂದನ್ನು ಚುಚ್ಚಿ ಮೂಸಿದಾಗ ಕಮಟು ವಾಸನೆ ಬಂದರೆ ಎಸೆಯಿರಿ ಎಂದೆವು. ಇದರಿಂದ ಮರೆವು ಹೋಗುತ್ತದೆಂಬ ಭರವಸೆ ಮಾತ್ರ ಕೊಡಲಿಲ್ಲ. ಮರೆವಿಗೂ ಬಿ12 ಕೊರತೆ ಕಾರಣವಾಗಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳಿಯೇ ಕ್ಯಾಪ್ಸೂಲ್ ಶುರುಮಾಡಬೇಕು.

ನರ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಈ ನಡುವೆ ಜೋಮು ಮೊಣಕಾಲಿನತ್ತ ಏರಿದರೆ, ಕತ್ತಲಲ್ಲಿ ನಡಿಗೆ ತೂರಾಡಿದರೆ ಮುಂದಿನ ಭೇಟಿಗೆ ಕಾಯದೆ ನರರೋಗ ತಜ್ಞರನ್ನು ಕಾಣಲು ಬರೆದುಕೊಟ್ಟಿದ್ದೇವೆ.