ಬೆಕ್ಕಿರುವ ಫ್ಲ್ಯಾಟಿನಲ್ಲಿ ಜಿರಲೆಗೆ ಯಾವ ಗಿಡಮೂಲಿಕೆ ಸ್ಪ್ರೇ ಹೊಡೆಸಬಹುದು?

ಯಾವುದನ್ನೂ ಹೊಡೆಸಬೇಡಿ. ಕಾರವಾರ, ಮಳೆಗಾಲ, ಅಡುಗೆಮನೆ ತುಂಬ ಜಿರಲೆ, ಭಾನುವಾರ ಬರಲಿರುವ ಸ್ಪ್ರೇಯವನು, “ಗಿಡಮೂಲಿಕೆಯದು, ವಾಸನೆಯೇ ಇಲ್ಲ” ಎಂಬ ಅವನ ಭರವಸೆ. ನೀವು ಬರೆದದ್ದನ್ನು ಓದುವಾಗ ನನ್ನ ಕೈ ತಣ್ಣಗಾಯಿತು. ಇದೇ ಮಾತನ್ನು ನಂಬಿ ನಾನು ನನ್ನ ಬೆಕ್ಕನ್ನು ಸಾವಿನ ಬಾಗಿಲಿಗೆ ಕಳುಹಿಸಿದ್ದೆ.

ನಮ್ಮ ಮನೆ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ. ಬೆಕ್ಕಿನ ಹೆಸರೂ ಕಾಳಿ, ಮೈ ಕಪ್ಪು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ನಮ್ಮಲ್ಲಿ ಆಗ ಒಣಮೀನಿನದೇ ಸಾರು. ಆ ವರ್ಷ ಒಣಮೀನಿನ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು, ಸಿಂಕಿನ ಕೆಳಗಿನ ಪೈಪು ತೊಟ್ಟಿಕ್ಕುತ್ತಿತ್ತು. ರಾತ್ರಿ ದೀಪ ಹಾಕಿದರೆ ಕಟ್ಟೆಯ ಮೇಲೆ ಜಿರಲೆಗಳ ಓಟ. ಡಬ್ಬಿಯನ್ನೂ ಪೈಪನ್ನೂ ಸರಿಮಾಡುವ ಬದಲು ಫೋನ್ ಮಾಡಿ ಒಬ್ಬನನ್ನು ಕರೆಸಿದೆ.

ಅವನು ಹನ್ನೊಂದು ಗಂಟೆಗೆ ಬಂದು ಗೋಡೆಯ ಬುಡ, ಫ್ರಿಜ್ಜಿನ ಹಿಂಬದಿ, ಸಿಂಕಿನ ಕೆಳಗೆ ಎಲ್ಲ ಕಡೆ ಸಿಂಪಡಿಸಿದ. “ಎರಡು ಗಂಟೆ ಬಿಟ್ಟರೆ ಸಾಕು” ಎಂದ. ಕಾಳಿಯನ್ನು ಮಲಗುವ ಕೋಣೆಯಲ್ಲಿ ಕೂಡಿಹಾಕಿದ್ದೆ. ಎರಡೂವರೆ ಗಂಟೆ ಕಾದು, ಮೂಗೆಳೆದು ನೋಡಿದೆ. ವಾಸನೆ ಇರಲಿಲ್ಲ. ನಡುಮನೆಯ ನೆಲ ಮುಟ್ಟಿದೆ, ಒಣಗಿತ್ತು. ಬಾಗಿಲು ತೆರೆದೆ.

ನಾನು ಮಾಡಿದ ತಪ್ಪು ಇದು, ದಯವಿಟ್ಟು ನಿಧಾನವಾಗಿ ಓದಿ. ವಾಸನೆ ಹೋಯಿತೆಂದರೆ ವಿಷ ಹೋಯಿತು ಎಂದು ತಿಳಿದೆ. ಆ ದ್ರವಕ್ಕೆ ಮೊದಲಿನಿಂದಲೂ ವಾಸನೆ ಇರಲಿಲ್ಲ. ಇಲ್ಲದ್ದು ಹೋಗುವುದು ಹೇಗೆ? ಇನ್ನು, ಎರಡು ಗಂಟೆ ಎಂಬುದು ನೆಲ ಒಣಗಲು ಹಿಡಿಯುವ ಸಮಯದ ಅಂದಾಜು. ನಮ್ಮ ಜುಲೈಯಲ್ಲಿ ಹಗ್ಗಕ್ಕೆ ಹಾಕಿದ ಟವೆಲ್ ಮೂರು ದಿನವಾದರೂ ಒಣಗುವುದಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು, ಹೊರಗೆ ಬಿರುಮಳೆ. ನಾನು ಮುಟ್ಟಿ ನೋಡಿದ್ದು ಫ್ಯಾನಿನ ಕೆಳಗಿನ ನೆಲವನ್ನು. ಫ್ರಿಜ್ಜಿನ ಹಿಂದೆ ಫ್ಯಾನಿನ ಗಾಳಿ ಹೋಗುವುದಿಲ್ಲ, ಅಲ್ಲಿ ಇನ್ನೂ ಒದ್ದೆ. ಬೆಕ್ಕು ನಡುಮನೆಯ ಮಧ್ಯದಲ್ಲಿ ನಡೆಯುವ ಪ್ರಾಣಿಯಲ್ಲ, ಗೋಡೆಗೆ ಮೈ ತಾಗಿಸಿಕೊಂಡು ಹೋಗುತ್ತದೆ. ಮಳೆಗಾಲದಲ್ಲಿ ಕಾಳಿ ಮಲಗುತ್ತಿದ್ದುದೇ ಫ್ರಿಜ್ಜಿನ ಮೋಟಾರಿನ ಬಿಸಿಗೆ ಬೆನ್ನು ಕೊಟ್ಟು. ಅಲ್ಲಿಂದ ಎದ್ದು ಬಂದ ಮೇಲೆ ಪಾದ, ಹೊಟ್ಟೆ, ಬಾಲ ಎಲ್ಲವನ್ನೂ ನೆಕ್ಕಿಕೊಂಡಿತು. ಮೈಗೆ ಹತ್ತಿದ್ದೆಲ್ಲ ನಾಲಿಗೆಯ ಮೂಲಕ ಒಳಗೆ ಹೋಯಿತು.

ಸಂಜೆ ಐದಕ್ಕೆ ಜೊಲ್ಲು ಸುರಿಯತೊಡಗಿತು. ಕಿವಿ ಅದುರುತ್ತಿತ್ತು, ನೀರು ಮೆಟ್ಟಿದಂತೆ ಪಾದ ಕೊಡವುತ್ತಿತ್ತು. ಅಮ್ಮ ಹಾಲು ತಂದರು, ನಾನು ಕುಡಿಸಲು ಹೋದೆ. ಅದೂ ಮಾಡಬಾರದಿತ್ತು, ನಡುಗುವ ಪ್ರಾಣಿಯ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಏಳು ಗಂಟೆಗೆ ಇಡೀ ಮೈ ಸೆಟೆದು ನಡುಗಿತು. ಫೋನಿನಲ್ಲಿ ಪಶುವೈದ್ಯರು ಮೊದಲು ಹೇಳಿದ್ದು, ಪಾತ್ರೆ ತೊಳೆಯುವ ದ್ರವ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು, ಒರೆಸಿ, ಬಾಟಲಿಯ ಜೊತೆಗೆ ಕರೆತನ್ನಿ ಎಂದು. ಸಿಂಪಡಿಸಿದವನು ಬಿಟ್ಟುಹೋಗಿದ್ದ ಖಾಲಿ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಸೈಪರ್‌ಮೆಥ್ರಿನ್’ ಎಂದಿತ್ತು. ಈ ವಿಷಕ್ಕೆ ಪ್ರತ್ಯೇಕ ಪ್ರತಿವಿಷ ಇಲ್ಲ, ನಡುಕ ನಿಲ್ಲಿಸುವ ಚುಚ್ಚುಮದ್ದು ಕೊಟ್ಟು, ಸಲೈನ್ ಹಾಕಿ ಕಾಯಬೇಕು. ಎರಡು ರಾತ್ರಿ ಕಾದೆವು. ಮೂರನೆಯ ಬೆಳಿಗ್ಗೆ ಕಾಳಿ ತಲೆಯೆತ್ತಿ ಅಮ್ಮನ ಸೆರಗು ಮೂಸಿತು.

‘ಗಿಡಮೂಲಿಕೆ’ ಎಂಬ ಮಾತಿಗೆ ಬರುತ್ತೇನೆ. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕಗಳೆಲ್ಲ ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿರುವ ವಿಷದ ಮಾದರಿಯಲ್ಲಿ ಮಾಡಿದವು. ಮನುಷ್ಯರ, ನಾಯಿಗಳ ಯಕೃತ್ತು ಅದನ್ನು ಬೇಗ ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿನಲ್ಲಿ ಅದಕ್ಕೆ ಬೇಕಾದ ಕಿಣ್ವ ತೀರಾ ಕಡಿಮೆ. ಆದ್ದರಿಂದ ನಾಯಿಯ ಬೆನ್ನಿಗೆ ಹಾಕುವ ಉಣ್ಣೆಯ ಔಷಧವೂ ಬೆಕ್ಕನ್ನು ಕೊಲ್ಲಬಹುದು. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ಬಟ್ಟೆಯ ಕಪಾಟಿನ ನುಸಿಗುಳಿಗೆ ಇವೂ ಬೆಕ್ಕಿಗೆ ಬೇಡ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದರೆ ಇನ್ನೂ ಎಚ್ಚರ, ಮೀನುಗಳಿಗೆ ಈ ಬಳಗದ ವಿಷ ಹನಿಯಷ್ಟಾದರೂ ಮಾರಕ.

ಇಷ್ಟಾದರೂ ಜಿರಲೆ ಹೋಯಿತೇ? ಹೋಗಲಿಲ್ಲ. ಅಡುಗೆಮನೆಯ ಸಣ್ಣ ಕಂದು ಜಿರಲೆಯ ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ, ಸ್ಪ್ರೇ ಆ ಚೀಲದೊಳಗೆ ಇಳಿಯುವುದಿಲ್ಲ. ಒಂದು ತಿಂಗಳಲ್ಲಿ ಮರಿಗಳು ಬಂದವು.

ಈಗ ನಾನು ಮಾಡುವುದು ಬೇರೆ. ಮೊದಲು ನೀರು ನಿಲ್ಲಿಸಿದೆ. ಆಹಾರವಿಲ್ಲದೆ ವಾರಗಟ್ಟಲೆ ಬದುಕುವ ಜಿರಲೆ ನೀರಿಲ್ಲದೆ ಅಷ್ಟು ದಿನ ತಾಳದು. ಪೈಪಿನ ವಾಷರ್ ಬದಲಿಸಿದೆ, ರಾತ್ರಿ ಸಿಂಕನ್ನು ಒರೆಸಿ ಮಲಗುತ್ತೇನೆ, ಬಚ್ಚಲ ಜಾಲರಿಯ ಮೇಲೆ ರಾತ್ರಿ ಮುಚ್ಚಳ ಇಡುತ್ತೇನೆ. ಒಣಮೀನು ಈಗ ಬಿಗಿಮುಚ್ಚಳದ ಗಾಜಿನ ಭರಣಿಯಲ್ಲಿ. ಆಮೇಲೆ ಜಿರಲೆ ತಿಂದು ಸಾಯುವ ಜೆಲ್: ಕಪಾಟಿನ ಕೀಲುಗಳ ಒಳಗೆ, ಗೋಡೆಗೂ ಕಪಾಟಿಗೂ ನಡುವಿನ ಸಂದಿಯಲ್ಲಿ, ಬೆಕ್ಕಿನ ನಾಲಿಗೆ ಮುಟ್ಟದ ಕಡೆ, ಅಕ್ಕಿಕಾಳಿನಷ್ಟು ಚುಕ್ಕೆಗಳು. ಜೆಲ್ ಹಾಕಿದ ಕಡೆ ಸ್ಪ್ರೇ ಹೊಡೆದರೆ ಜಿರಲೆ ಅದರತ್ತ ಸುಳಿಯುವುದೇ ಇಲ್ಲ, ಹಣ ದಂಡ. ಬೋರಿಕ್ ಪುಡಿಯನ್ನೂ ಪ್ರಯತ್ನಿಸಿದೆ, ಕರಾವಳಿಯ ಮಳೆಗಾಲದಲ್ಲಿ ಅದು ಗಟ್ಟಿಕಟ್ಟಿ ಕೆಲಸಕ್ಕೆ ಬರಲಿಲ್ಲ. ಜೊತೆಗೆ, ಹೆಚ್ಚು ತಿಂದರೆ ಅದೂ ವಿಷವೇ. ಇರುವೆಯ ಕಾಟವೂ ಇದ್ದರೆ, ಅವುಗಳ ಸಾಲನ್ನು ಸಾಬೂನು ನೀರಿನಿಂದ ಒರೆಸಿದರೆ ಅವು ಬಿಟ್ಟುಹೋದ ದಾರಿಯ ಗುರುತು ಅಳಿಯುತ್ತದೆ. ಬೆಕ್ಕಿನ ಊಟದ ಬಟ್ಟಲನ್ನು ನೀರು ತುಂಬಿದ ತಟ್ಟೆಯಲ್ಲಿಡಿ, ಅಜ್ಜಿ ಬೆಲ್ಲದ ಡಬ್ಬಿ ಇಡುತ್ತಿದ್ದ ಹಾಗೆ.

ನಿಮ್ಮ ಕಟ್ಟಡದ ಪೈಪುಗಳು ಹಾದುಹೋಗುವ ಸಂದು ಎಲ್ಲ ಮನೆಗಳಿಗೂ ಒಂದೇ. ನೀವೊಬ್ಬರೇ ಸ್ಪ್ರೇ ಹೊಡೆಸಿದರೆ ಜಿರಲೆ ಮೇಲಿನವರ ಮನೆಗೆ ಹೋಗಿ ಮರಳಿ ಬರುತ್ತದೆ. ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ತೂತನ್ನು ಸಿಮೆಂಟಿನಿಂದ ಮುಚ್ಚಿಸಿ. ನನ್ನ ಮನೆಯಲ್ಲಿ ಅರ್ಧದಷ್ಟು ಜಿರಲೆ ಬರುವುದು ನಿಂತದ್ದು ಆ ಒಂದು ತೂತು ಮುಚ್ಚಿಸಿದ್ದರಿಂದ.

ಭಾನುವಾರದವನಿಗೆ ಇಂದೇ ಫೋನ್ ಮಾಡಿ ಬರುವುದು ಬೇಡ ಎನ್ನಿ. ಮುಂಗಡ ಕೊಟ್ಟಿದ್ದರೆ ಹೋಗಲಿ.